ಕೊಟ್ಟಿಗೆಯ ಲೆಕ್ಕ ತಪ್ಪಿದ್ದೆಲ್ಲಿ?

(ಬೆಟ್ಟ ಬಳಕೆದಾರ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ದನ ಸಾಕಿದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎರಡು ರಾಗಗಳಲ್ಲಿ ಹೇಳುತ್ತಾರೆ. ಹಿಂದೆ ಕೊಟ್ಟಿಗೆ ತುಂಬ ದನವಿತ್ತು, ಹಾಲು ಮೊಸರಿನ ಹೊಳೆಯೇ ಹರಿಯುತ್ತಿತ್ತು ಎಂಬುದು ಒಂದು ರಾಗ. ದನ ಕಟ್ಟಿ ಕೈ ಸುಟ್ಟುಕೊಂಡದ್ದಾಯಿತು, ಇನ್ನು ಆ ಸಹವಾಸ ಬೇಡ ಎಂಬುದು ಇನ್ನೊಂದು. ಎರಡರಲ್ಲಿಯೂ ಇರುವುದು ಅರ್ಧ ಸತ್ಯ. ಹಾಲಿನ ಹೊಳೆ ಈ ಸೀಮೆಯಲ್ಲಿ ಎಂದೂ ಹರಿದಿರಲಿಲ್ಲ. ಮಲೆನಾಡು ಗಿಡ್ಡ ತಳಿಯ ಹಸು ದಿನಕ್ಕೆ ಕೊಡುವುದು ಒಂದರಿಂದ ಮೂರು ಲೀಟರ್ ಹಾಲು. ಕರುವಿಗೆ ಬಿಟ್ಟು ಮನೆಗೆ ಉಳಿಯುತ್ತಿದ್ದುದು ಒಂದು ಚೊಂಬು. ಹತ್ತು ದನವಿದ್ದ ಮನೆಯಲ್ಲಿಯೂ ಮಳೆಗಾಲದ ನಡುವೆ ಮಜ್ಜಿಗೆಗೆ ತತ್ವಾರವಾಗುತ್ತಿದ್ದುದನ್ನು ಸಭೆಯಲ್ಲಿರುವ ಹಿರಿಯರು ಮರೆತಿರಲಾರರು. ಹಾಗಾದರೆ ಅಷ್ಟೊಂದು ದನಗಳನ್ನು ಸಾಕುತ್ತಿದ್ದುದು ಏತಕ್ಕೆ?

ಗೊಬ್ಬರಕ್ಕೆ. ಇದೇ ಮೊದಲ ಮಾತು. ಅಡಿಕೆ ತೋಟವೆಂಬುದು ಕಣಿವೆಯ ತಳದಲ್ಲಿರುವ ಸಣ್ಣ ತುಂಡು ಭೂಮಿ; ಅದರ ಹಸಿವನ್ನು ತಣಿಸುತ್ತಿದ್ದುದು ಅದರ ಮೇಲಿರುವ ಬೆಟ್ಟ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲಿಯೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಕೊಟ್ಟದ್ದು ಸುಮ್ಮನೆ ಔದಾರ್ಯದಿಂದಲ್ಲ, ಅಡಿಕೆಯ ಮೇಲಿನ ಕಂದಾಯದ ಆಸೆಯಿಂದ. ಬೆಟ್ಟದ ಸೊಪ್ಪು ನೇರವಾಗಿ ತೋಟಕ್ಕೆ ಹೋದರೆ ಕೊಳೆಯಲು ತಡ. ಅದೇ ಸೊಪ್ಪು ಮಳೆಗಾಲದಲ್ಲಿ ಹಸಿಯಾಗಿಯೂ ಬೇಸಿಗೆಯಲ್ಲಿ ದರಕಾಗಿಯೂ ದನದ ಕಾಲಡಿಗೆ ಬಿದ್ದು, ಸಗಣಿ ಗಂಜಲದಲ್ಲಿ ನೆನೆದು, ಗೊಬ್ಬರಗುಂಡಿಯಲ್ಲಿ ಹಣ್ಣಾಗಿ ತೋಟಕ್ಕೆ ಹೋಗುವಾಗ ಅದರ ಗುಣವೇ ಬೇರೆ. ಬೆಟ್ಟ, ಕೊಟ್ಟಿಗೆ, ತೋಟ ಈ ಮೂರೂ ಸೇರಿ ಒಂದು ಯಂತ್ರ. ಹಾಲು ಆ ಯಂತ್ರದ ಉಪ ಉತ್ಪನ್ನ ಮಾತ್ರ.

ಲೆಕ್ಕ ತಪ್ಪಿದ್ದು ಇಲ್ಲಿಯೇ. ಉಪ ಉತ್ಪನ್ನವನ್ನೇ ಮುಖ್ಯವೆಂದು ಬಗೆದು ಕೊಟ್ಟಿಗೆಯನ್ನು ಅಳೆಯಲಾರಂಭಿಸಿದ ದಿನದಿಂದ ಗಿಡ್ಡ ಹಸು ‘ದಂಡದ ದನ’ ಎನಿಸಿಕೊಂಡಿತು.

ಈ ಅಳತೆಗೋಲು ಎಲ್ಲಿಂದ ಬಂತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಕೇರಳದ ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಟ್ಜರ್‌ಲೆಂಡಿನ ಸಹಕಾರದೊಡನೆ ಬ್ರೌನ್ ಸ್ವಿಸ್ ಹೋರಿಗಳನ್ನು ತಂದು ಸ್ಥಳೀಯ ಹಸುಗಳೊಡನೆ ಸಂಕರ ಮಾಡುವ ಯೋಜನೆ ಆರಂಭವಾಯಿತು. 1970ರಲ್ಲಿ ದೇಶದಾದ್ಯಂತ ಕ್ಷೀರಧಾರೆ ಯೋಜನೆ ಬಂತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನುಗಾರಿಕೆ ಅಭಿವೃದ್ಧಿ ನಿಗಮ ಹುಟ್ಟಿತು. ಊರೂರಿಗೆ ಹಾಲಿನ ಸೊಸೈಟಿ, ಜೆರ್ಸಿ ಮತ್ತು ಹೋಲ್‌ಸ್ಟೀನ್ ಫ್ರೀಸಿಯನ್ ವೀರ್ಯದ ಕಡ್ಡಿ, ಚೀಲದಲ್ಲಿ ಬರುವ ಪಶು ಆಹಾರ ಇವೆಲ್ಲ ಹಂತಹಂತವಾಗಿ ಬೆಟ್ಟವನ್ನು ಹತ್ತಿದವು. ಇದನ್ನು ಬರಿಯ ಅನ್ಯಾಯವೆಂದು ಚಿತ್ರಿಸುವುದು ನ್ಯಾಯವಲ್ಲ. ಅಡಿಕೆಗೆ ಬೆಲೆಯಿಲ್ಲದ ವರ್ಷಗಳಲ್ಲಿ ಹಾಲಿನ ಬಟವಾಡೆಯೇ ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟಿತು. ಮನೆಯ ಹೆಂಗಸರ ಕೈಗೆ ಅವರದೇ ಎನ್ನಬಹುದಾದ ಹಣ ಬಂದದ್ದು ಬಹಳ ಮನೆಗಳಲ್ಲಿ ಮೊದಲ ಬಾರಿಗೆ ಸೊಸೈಟಿಯಿಂದಲೇ. ಬಯಲುಸೀಮೆಯಲ್ಲಿ, ನೀರಾವರಿಯ ಮೇವಿರುವ ಕಡೆ, ಆ ಲೆಕ್ಕ ಸರಿಯಾಗಿಯೇ ಕೂಡಿತು.

ಮಲೆನಾಡಿನಲ್ಲಿ ಅದು ಕೂಡಲಿಲ್ಲ. ಗಿಡ್ಡ ಹಸುವಿನ ತೂಕ ನೂರು ಕಿಲೋದ ಆಸುಪಾಸು. ಮಿಶ್ರತಳಿಯದು ಅದರ ಮೂರು ನಾಲ್ಕು ಪಟ್ಟು. ಕಡಿದಾದ ಬೇಣದ ಇಳಿಜಾರಿನಲ್ಲಿ ಗಿಡ್ಡ ಹಸು ಮೇಕೆಯಂತೆ ಏರಿ ಮೇದು ಸಂಜೆಗೆ ತಾನೇ ಮನೆಗೆ ಬರುತ್ತದೆ. ಮಿಶ್ರತಳಿಯ ಹಸುವಿಗೆ ಆ ಗುಡ್ಡ ಆಗದು, ಆ ಮಳೆ ಆಗದು, ಆ ಕರಡವೂ ಸಾಲದು. ಅದಕ್ಕೆ ಮೈ ನಿರ್ವಹಣೆಗೆಂದೇ ಒಂದೂವರೆ ಕಿಲೋದಷ್ಟು ಹಿಂಡಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಜೊತೆಗೆ ಹಸಿಹುಲ್ಲು, ಒಣಹುಲ್ಲು, ಬೇಸಿಗೆಯಲ್ಲಿ ದಿನಕ್ಕೆ ಅರವತ್ತು ಲೀಟರಿಗೂ ಹೆಚ್ಚು ನೀರು ಬೇಕು. ಭತ್ತದ ಗದ್ದೆಗಳೆಲ್ಲ ತೋಟವಾದ ಮೇಲೆ ಒಣಹುಲ್ಲು ಲಾರಿಯಲ್ಲಿ ಬಯಲುಸೀಮೆಯಿಂದ ಬರಬೇಕಾಯಿತು. ಹುಲ್ಲು, ಹಿಂಡಿ, ಔಷಧಿ, ಮೂರನ್ನೂ ಘಟ್ಟ ಹತ್ತಿಸಿ ಹಾಲನ್ನು ಮಾತ್ರ ಘಟ್ಟ ಇಳಿಸುವ ವ್ಯಾಪಾರದಲ್ಲಿ ಉಳಿಯುವುದೇನು? ಸಗಣಿಯೊಂದು ಉಳಿಯಿತೆಂದು ಸಮಾಧಾನ ಹೇಳಿಕೊಂಡವರಿದ್ದಾರೆ.

ಸಂಕರವೊಂದೇ ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ತಿದ್ದಲಾಗದಂತೆ ಮಾಡಿದ್ದು ಊರಿನ ಹೋರಿಯನ್ನು ಕಳೆದುಕೊಂಡ ಕ್ರಮ. ವೀರ್ಯದ ಕಡ್ಡಿ ಸಿಗುವಾಗ ಹೋರಿ ಏಕೆ ಎಂದು ಇದ್ದಬದ್ದ ಗಂಡುಕರುಗಳ ಬೀಜ ಒಡೆಸಿದರು, ಇಲ್ಲವೆ ಮಾರಿದರು. ಕೇರಳವಂತೂ 1961ರಲ್ಲಿ ಕಾನೂನನ್ನೇ ತಂದು, ಪರವಾನಗಿಯಿಲ್ಲದ ನಾಟಿ ಹೋರಿಗಳನ್ನು ಇಟ್ಟುಕೊಳ್ಳದಂತೆ ಮಾಡಿತು. ಕರ್ನಾಟಕದ ಹಳ್ಳಿಗಳಲ್ಲಿ ಯಾರೂ ಬಲವಂತಪಡಿಸಲಿಲ್ಲ. ಜನ ತಾವಾಗಿಯೇ ಅದನ್ನು ಮಾಡಿದರು. ಫಲವೇನಾಯಿತು? ಹಸುವಿಗೆ 21 ದಿನಕ್ಕೊಮ್ಮೆ ಬರುವ ಬೆದೆ ಹನ್ನೆರಡರಿಂದ ಹದಿನೆಂಟು ಗಂಟೆಗಳಷ್ಟು ಮಾತ್ರ ಇರುತ್ತದೆ. ಹೋರಿಯಿದ್ದ ಊರಿನಲ್ಲಿ ಅದನ್ನು ಮನುಷ್ಯ ಗಮನಿಸಬೇಕಾಗಿಯೇ ಇರಲಿಲ್ಲ. ಹೋರಿಯಿಲ್ಲದ ಊರಿನಲ್ಲಿ ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಕೃತಕ ಗರ್ಭಧಾರಣೆ ಆಗಬೇಕು. ಆಷಾಢದ ಮಳೆಯಲ್ಲಿ, ಸಂಕದ ಮೇಲೆ ನೀರು ಹರಿಯುವಾಗ, ಹತ್ತಾರು ಮೈಲಿ ದೂರದಿಂದ ಸಿಬ್ಬಂದಿ ಬರುವುದು ಹೇಗೆ? ಒಂದು ಬೆದೆ ತಪ್ಪಿದರೆ 21 ದಿನದ ಹಿಂಡಿ ವ್ಯರ್ಥ. ಮೂರು ಬಾರಿ ತಪ್ಪಿದ ಹಸುವಿಗೆ ‘ಗೊಡ್ಡು’ ಎಂಬ ಹಣೆಪಟ್ಟಿ. ಬಹಳಷ್ಟು ಹಸುಗಳು ಗೊಡ್ಡಾಗಿರಲಿಲ್ಲ. ನೋಡುವವರಿಗೆ ಸಮಯ ಗೊತ್ತಾಗಲಿಲ್ಲ, ಅಷ್ಟೆ.

ಮೈಕಟ್ಟು ಸಣ್ಣದಾದ ಗಿಡ್ಡ ಹಸುವಿಗೆ ದೊಡ್ಡ ತಳಿಯ ವೀರ್ಯ ಕೊಡಿಸಿ, ಕರು ಹೊರಬರಲಾರದೆ ತಾಯಿಯೂ ಕರುವೂ ಸತ್ತ ರಾತ್ರಿಗಳು ಅನೇಕ ಕೊಟ್ಟಿಗೆಗಳ ನೆನಪಿನಲ್ಲಿವೆ. ತಾಯಿಯ ಗಾತ್ರವನ್ನು ನೋಡಿ ಹೋರಿಯನ್ನು ಆರಿಸಬೇಕೆಂಬುದು ಪಶುವೈದ್ಯ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ‘ಹೆಚ್ಚು ಹಾಲಿನದು’ ಎಂಬ ಒಂದೇ ಮಾತಿನೆದುರು ಆ ಪಾಠ ನಿಲ್ಲಲಿಲ್ಲ.

ಇನ್ನು ಗಂಡುಕರುವಿನ ವಿಷಯ. ಹೇಳಲು ಕಷ್ಟವಾದರೂ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗಿಡ್ಡ ತಳಿಯ ಗಂಡುಕರು ಎತ್ತಾಗುತ್ತಿತ್ತು; ಕೆಸರುಗದ್ದೆಯ ಸಣ್ಣ ಸಣ್ಣ ಮಡಿಗಳಲ್ಲಿ ತಿರುಗಲು ಅದಕ್ಕಿಂತ ಅನುಕೂಲದ ಎತ್ತಿಲ್ಲ. ಮಿಶ್ರತಳಿಯ ಗಂಡುಕರುವಿಗೆ ಇಣಿಯಿಲ್ಲ, ನೊಗ ನಿಲ್ಲದು, ಬಿಸಿಲಿಗೆ ತಡೆಯದು. ಅಷ್ಟರಲ್ಲಿ ಟಿಲ್ಲರ್ ಬಂದು ಎರಡು ಬಗೆಯ ಎತ್ತಿಗೂ ಕೆಲಸವಿಲ್ಲವಾಯಿತು. ಹುಟ್ಟಿದ ಗಂಡುಕರುವಿಗೆ ಹಾಲು ಬಿಡುವುದು ನಷ್ಟವೆಂದು ಕಂಡಿತು. ಹಾಗೆಂದು ಕೊಲ್ಲುವವರಲ್ಲ ಮಲೆನಾಡಿನವರು. ಅವರು ಕೊಲ್ಲಲಿಲ್ಲ, ಹಾಲು ಬಿಡಲಿಲ್ಲ. ಬಿಳಿಚಿದ ಕಣ್ಣು, ಒರಟಾದ ರೋಮ, ಉಬ್ಬಿದ ಹೊಟ್ಟೆಯ ಆ ಕರು ಕೊಟ್ಟಿಗೆಯ ಮೂಲೆಯಲ್ಲಿ ಹತ್ತು ಹದಿನೈದು ದಿನ ನಿಂತು, ಒಂದು ಬೆಳಿಗ್ಗೆ ಏಳುತ್ತಿರಲಿಲ್ಲ. ‘ಕರು ಉಳಿಯಲಿಲ್ಲ’ ಎಂದು ಮನೆಯವರು ಹೇಳುತ್ತಿದ್ದರು. ಗೋಪೂಜೆಯ ದಿನ ಅದೇ ತಾಯಿಯ ಕೊರಳಿಗೆ ಅಡಿಕೆ, ಚೆಂಡುಹೂವಿನ ಮಾಲೆ ಬೀಳುತ್ತಿತ್ತು.

ಉಳಿದ ಕರುಗಳು ದಲ್ಲಾಳಿಗಳ ಕೈಗೆ ಹೋದವು. ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾನೂನು 2021ರಲ್ಲಿ ಜಾರಿಗೆ ಬಂದ ಮೇಲೆ ಆ ದಾರಿಯೂ ಮುಚ್ಚಿತು. ಕರುಗಳು ಪೇಟೆಯ ಬಸ್ ನಿಲ್ದಾಣ, ಹೆದ್ದಾರಿ, ಕಾಡಿನ ಅಂಚು ಸೇರಿದವು. ಕಾನೂನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹಾಲು ಕರೆಯುವವನು ಗಂಡುಕರುವಿನ ಹೊಣೆಯನ್ನು ಹೊರುವವನು ಯಾರೆಂದು ಕೇಳಿಕೊಳ್ಳದೆ ಇರಲಾಗದು. ಹೆಣ್ಣುಕರುವೇ ಹುಟ್ಟುವ ಸಾಧ್ಯತೆಯನ್ನು ಶೇಕಡಾ 90ರಷ್ಟಕ್ಕೆ ಏರಿಸುವ ಲಿಂಗ ನಿರ್ಧರಿತ ವೀರ್ಯ ಈಗ ಬಂದಿದೆ. ಅದು ಮುಂದಿನ ಕರುಗಳಿಗೆ ಉತ್ತರವಾದೀತು. ಎತ್ತಿಗೆ ಕೆಲಸವೇ ಇಲ್ಲವೆಂಬ ಪ್ರಶ್ನೆಗೆ ಉತ್ತರವಲ್ಲ.

ಕರುವಿನ ಮಾತು ಬಂದಾಗ ಗಿಣ್ಣದ ಮಾತನ್ನೂ ಆಡಬೇಕು. ಈಯ್ದ ಹಸುವಿನ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣ ಮಾಡಿ ನೆರೆಮನೆಗೂ ಹಂಚುವುದು ಸಂಭ್ರಮದ ಪದ್ಧತಿ. ಕರು ತಾಯಿಯ ಹೊಟ್ಟೆಯಲ್ಲಿರುವಾಗ ರೋಗನಿರೋಧಕ ಅಂಶಗಳು ಅದರ ರಕ್ತಕ್ಕೆ ದಾಟುವುದಿಲ್ಲ. ಆ ರಕ್ಷಣೆಯೆಲ್ಲ ಗಿಣ್ಣದ ಹಾಲಿನಲ್ಲಿಯೇ ಇದೆ. ಹುಟ್ಟಿದ ಒಂದು ದಿನದೊಳಗೆ ಮಾತ್ರ ಕರುವಿನ ಕರುಳು ಅದನ್ನು ಹೀರಿಕೊಳ್ಳಬಲ್ಲದು. ಮೊದಲ ಕೆಲವು ಗಂಟೆಗಳು ಅತಿ ಮುಖ್ಯ. ಅನಂತರ ಆ ಬಾಗಿಲು ಮುಚ್ಚುತ್ತದೆ. ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣದ ಹಾಲು ಮೊದಲ ದಿನ ಅದರ ಹೊಟ್ಟೆಗೆ ಹೋಗಬೇಕು. ಕಸ ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದು ಎಂಬ ನಂಬಿಕೆ ಬಹಳ ಮನೆಗಳಲ್ಲಿತ್ತು. ಅದು ತಲೆಕೆಳಗಾದ ನಂಬಿಕೆ. ಕರು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಸ್ರವಿಸುವ ರಸವೇ ಗರ್ಭಕೋಶವನ್ನು ಸಂಕುಚಿಸಿ ಕಸ ಬೀಳಲು ನೆರವಾಗುತ್ತದೆ. ಕಾಯಿಸಿದ ಮನೆಗಳಲ್ಲಿ ಕಸವೂ ತಡವಾಯಿತು, ಕರುವಿಗೂ ಭೇದಿ ಹತ್ತಿತು. ಎಷ್ಟು ಕರುಗಳು ಹೀಗೆ ಹೋದವೆಂದು ಯಾರೂ ಬರೆದಿಟ್ಟಿಲ್ಲ. ಹಬ್ಬದಂತೆ ಹಂಚಿ ತಿಂದ ಆ ಗಿಣ್ಣದಲ್ಲಿ ಕರುವಿನ ಆಯುಷ್ಯವಿತ್ತೆಂಬುದನ್ನು ತಿಳಿದ ಮೇಲೆ ಹಿರಿಯ ಹೆಂಗಸರು ಪಟ್ಟ ಸಂಕಟ ಸಣ್ಣದಲ್ಲ. ಮೂರನೆಯ ದಿನದ ಹಾಲಿನಲ್ಲಿಯೂ ಗಿಣ್ಣ ಆಗುತ್ತದೆ, ಸ್ವಲ್ಪ ತೆಳ್ಳಗೆ.

ಪ್ರೀತಿಯಿಂದಲೇ ಆದ ಸಾವುಗಳು ಇನ್ನೂ ಇವೆ. ಮದುವೆ, ಉಪನಯನ ಮುಗಿದ ಸಂಜೆ ಉಳಿದ ಅನ್ನವನ್ನು ಎಸೆಯಲು ಮನಸ್ಸು ಬಾರದೆ ದನಗಳ ಮುಂದೆ ಸುರಿಯುವುದುಂಟು. ಹಲಸಿನ ಕಾಲದಲ್ಲಿ ಬುಟ್ಟಿಗಟ್ಟಲೆ ಹಣ್ಣಿನ ತೊಳೆ, ಶಾಡೆ ಹಾಕುವುದುಂಟು. ದನದ ಹೊಟ್ಟೆ ಹುಲ್ಲಿಗಾಗಿ ಕಟ್ಟಿದ ಹೊಟ್ಟೆ. ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಅಕಸ್ಮಾತ್ತಾಗಿ ಅಷ್ಟೊಂದು ಪಿಷ್ಟ, ಸಕ್ಕರೆ ದೊರೆತರೆ ಅದು ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹೊಟ್ಟೆಯ ಚಲನೆ ನಿಲ್ಲುತ್ತದೆ, ರಕ್ತವೂ ಆಮ್ಲೀಯವಾಗುತ್ತದೆ. ಒಂದೆರಡು ದಿನಗಳಲ್ಲಿ ದನ ನೆಲ ಹಿಡಿಯುತ್ತದೆ. ದೃಷ್ಟಿ ತಾಗಿತೆಂದು ಮಂತ್ರಿಸಿದ ನೂಲು ಕಟ್ಟಿಸಿ ಅಮೂಲ್ಯವಾದ ಆ ಒಂದು ದಿನವನ್ನು ಕಳೆದವರೂ ಇದ್ದಾರೆ. ಪಶುವೈದ್ಯರಿಗೆ ಮೊದಲು ಹೇಳಬೇಕಾದ ಮಾತು ‘ಅನ್ನ ತಿಂದಿದೆ’ ಎಂಬುದು. ನಾಚಿಕೆಯಿಂದ ಅದನ್ನೇ ಮುಚ್ಚಿಡುತ್ತಾರೆ.

ಲಂಟಾನದ ವಿಷವೂ ಹೀಗೆಯೇ. ಎಲ್ಲ ಹುಲ್ಲೂ ಇದ್ದಾಗ ದನ ಲಂಟಾನಕ್ಕೆ ಬಾಯಿ ಹಾಕುವುದಿಲ್ಲ. ಹೊಸದಾಗಿ ತಂದ ದನ, ಹಸಿದ ದನ ಹಾಕುತ್ತದೆ. ಯಕೃತ್ತು ಕೆಟ್ಟು, ಬಿಸಿಲಿಗೆ ಬಿದ್ದ ಬಿಳಿಚರ್ಮ ಸುಲಿದು ಬರುತ್ತದೆ. ಚರ್ಮಕ್ಕೆ ಎಣ್ಣೆ ಹಚ್ಚುವವರು ಕಾರಣವನ್ನು ಬೇಣದಲ್ಲಿ ಹುಡುಕುವುದಿಲ್ಲ.

ಈಗ ಮಲೆನಾಡಿನ ದನ ಸಾಕಣೆಯ ಅತಿ ಕಹಿಯಾದ ಅಧ್ಯಾಯಕ್ಕೆ ಬರಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಬೆನ್ನಿಗೇ ಮನುಷ್ಯರು ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಕಂಡುಹಿಡಿದ ಹೊಸ ವೈರಾಣುವಿಗೆ ಆ ಕಾಡಿನ ಹೆಸರೇ ನಿಂತಿತು. ಜನ ಇದನ್ನು ಮಂಗನ ಕಾಯಿಲೆ ಎಂದರು, ಮಂಗವನ್ನೇ ದೂಷಿಸಿದರು. ಮಂಗವೂ ಮನುಷ್ಯನಂತೆಯೇ ಅದಕ್ಕೆ ಬಲಿಯಾದ ಪ್ರಾಣಿ. ವೈರಾಣುವನ್ನು ಹೊತ್ತು ತಿರುಗುವುದು ಉಣುಗು, ಅದರಲ್ಲಿಯೂ ಹಿಮಾಫೈಸಾಲಿಸ್ ಎಂಬ ಜಾತಿಯ ಉಣುಗು. ಈ ಉಣುಗಿನ ಮರಿಗಳು ಇಲಿ, ಹಕ್ಕಿ, ಮಂಗ, ಮನುಷ್ಯ ಹೀಗೆ ಸಿಕ್ಕಿದ್ದರ ರಕ್ತ ಹೀರುತ್ತವೆ. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ಮೈ ಬೇಕು. ಹಿಂದೆ ಕಾಡೆಮ್ಮೆ, ಕಡವೆಗಳಷ್ಟೇ ಇದ್ದ ಕಾಡಿಗೆ ನೂರಾರು ದನಗಳು ನಿತ್ಯವೂ ಮೇಯಲು ಹೋದಾಗ ಉಣುಗಿಗೆ ಹಬ್ಬವಾಯಿತು. ಮಳೆಗಾಲದಲ್ಲಿ ದನದ ಮೈಯಲ್ಲಿ ರಕ್ತ ಕುಡಿದು ಉದುರಿದ ಹೆಣ್ಣು ಉಣುಗು ಸಾವಿರಾರು ಮೊಟ್ಟೆಯಿಡುತ್ತದೆ. ಆ ಸಂತತಿಯ ಎಳೆಯ ಉಣುಗುಗಳು ಚುರುಕಾಗುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಮಲೆನಾಡಿನವರು ದರಕು ಗುಡಿಸಲು, ಸೌದೆ ತರಲು ಬೆಟ್ಟಕ್ಕೆ ಹೋಗುವುದೂ ಅದೇ ತಿಂಗಳುಗಳಲ್ಲಿ.

ದನಕ್ಕೆ ಈ ಕಾಯಿಲೆ ಬರುವುದಿಲ್ಲ. ದನದಿಂದ ನೇರವಾಗಿ ಮನುಷ್ಯನಿಗೆ ದಾಟುವುದೂ ಇಲ್ಲ. ಆದರೆ ಉಣುಗಿನ ಸಂಖ್ಯೆಯನ್ನು ಏರಿಸಿದ್ದು ಕಾಡಿನೊಳಗಿನ ದನವೇ. ಇದನ್ನು 1969ರಷ್ಟು ಹಿಂದೆಯೇ ಹೋರ್ಹೆ ಬೋಷೆಲ್ ಎಂಬ ವಿಜ್ಞಾನಿ, ಕಾಡು ಕಡಿದದ್ದು, ಅದರ ಅಂಚಿನಲ್ಲಿ ಲಂಟಾನ ಹಬ್ಬಿದ್ದು, ದನಗಳು ಹೊಕ್ಕದ್ದು ಇವುಗಳನ್ನು ಜೋಡಿಸಿ ವಿವರಿಸಿದ್ದರು. ಆ ವಿವರಣೆ ಹಳ್ಳಿಯ ಕೊಟ್ಟಿಗೆಯವರೆಗೆ ಬರಲು ದಶಕಗಳು ಹಿಡಿದವು. 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗಲೂ ಪರಿಸರದ ಮಾತಿಗಿಂತ ಮಂಗದ ಮಾತೇ ಹೆಚ್ಚು ಕೇಳಿಬಂತು. ದನದ ಮೈಯ ಉಣುಗನ್ನು ಮಳೆಗಾಲದಲ್ಲಿಯೇ, ಮೊಟ್ಟೆಯಿಡುವ ಮುನ್ನ, ತೆಗೆಯಬೇಕು. ಸಂಜೆ ದನ ಬಂದೊಡನೆ ಕಿವಿ, ಕೊರಳು, ಕೆಚ್ಚಲಿನ ಬುಡ ನೋಡುವ ಹಳೆಯ ಅಭ್ಯಾಸ ಹಾಲಿಗಾಗಿ ಮಾತ್ರ ಇದ್ದದ್ದಲ್ಲ. ಕಾಯಿಲೆ ಕಂಡ ಕಾಡಿಗೆ ಆ ವರ್ಷ ದನ ಬಿಡದಿರುವುದು, ದರಕಿಗೆ ಹೋಗುವವರು ಮೈ ತುಂಬ ಬಟ್ಟೆ ಧರಿಸಿ ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳುವುದು, ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಇವೆಲ್ಲ ಶಾಲೆಯ ಮಕ್ಕಳಿಗೂ ತಿಳಿದಿರಬೇಕಾದ ವಿಷಯಗಳು.

ಉಣುಗಿಗೆಂದು ಹಾಕಿಸುವ ಔಷಧಿಯಲ್ಲಿಯೂ ಎಚ್ಚರ ಬೇಕು. ಐವರ್‌ಮೆಕ್ಟಿನ್ ಚುಚ್ಚಿಸಿದ ದನದ ಸಗಣಿಯಲ್ಲಿ ಅದರ ಅಂಶ ಕೆಲವು ವಾರ ಉಳಿದು ಸಗಣಿಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಸಗಣಿ ಹಾಗೆಯೇ ಒಣಗಿ ಬಿದ್ದಿರುವ ಬೇಣ ಕಂಡರೆ ಅದೂ ಒಂದು ಸೂಚನೆ.

ಔಷಧಿಯ ಮಾತಿನಲ್ಲಿ ರಣಹದ್ದನ್ನು ಬಿಡಲಾಗದು. ಸತ್ತ ದನವನ್ನು ಊರ ಹೊರಗಿನ ಗುಡ್ಡದಲ್ಲಿ ಹಾಕಿದರೆ ಮಧ್ಯಾಹ್ನದೊಳಗೆ ಹದ್ದುಗಳು ಇಳಿದು ಎಲುಬು ಮಾತ್ರ ಉಳಿಸುತ್ತಿದ್ದುದನ್ನು ಅರವತ್ತು ದಾಟಿದವರು ಕಂಡಿದ್ದಾರೆ. 1990ರ ದಶಕದಲ್ಲಿ ಹದ್ದುಗಳು ದೇಶದಾದ್ಯಂತ ಮಾಯವಾದವು; ಬಿಳಿಬೆನ್ನಿನ ರಣಹದ್ದು ನೂರಕ್ಕೆ ಒಂದರಷ್ಟೂ ಉಳಿಯಲಿಲ್ಲ. ಕಾರಣ 2004ರಲ್ಲಿ ತಿಳಿಯಿತು. ಕುಂಟುವ, ಜ್ವರ ಬಂದ ದನಕ್ಕೆ ನೋವು ನಿವಾರಣೆಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು; ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದುದರಿಂದ 2015ರಲ್ಲಿ ಅವನ್ನೂ ನಿರ್ಬಂಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ನಿಷೇಧದ ಪಟ್ಟಿಗೆ ಸೇರಿದವು. ಮೆಲಾಕ್ಸಿಕಾಮ್ ಹದ್ದಿಗೆ ಅಪಾಯವಿಲ್ಲದ ಔಷಧಿ. ಯಾವ ಸೂಜಿಯೆಂದು ಕೇಳುವ ಹಕ್ಕು ದನದ ಯಜಮಾನನಿಗಿದೆ. ಮುದಿ ದನಕ್ಕೆ ಕೊನೆಯ ದಿನಗಳಲ್ಲಿ ನೋವಾಗದಿರಲೆಂದು ಕೊಡಿಸಿದ ಔಷಧಿಯಿಂದ ಆಕಾಶದ ಒಂದು ಕುಲವೇ ಅಳಿಯಿತೆಂದು ಆಗ ಯಾರು ಊಹಿಸಿದ್ದರು?

ಲಸಿಕೆಯ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ಕಾಲುಬಾಯಿ ರೋಗಕ್ಕೆ ಲಸಿಕೆ ಹಾಕಿಸಿದರೆ ಹಾಲು ಕಡಿಮೆಯಾಗುತ್ತದೆಂದು ತಪ್ಪಿಸಿಕೊಂಡವರು, ರೋಗ ಬಂದ ಮೇಲೆ ಇಡೀ ಸೂಲಿನ ಹಾಲನ್ನು ಕಳೆದುಕೊಂಡಿದ್ದಾರೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಇದೇ ಪಾಠ ಮತ್ತೊಮ್ಮೆ ಆಯಿತು.

ಈ ಎಲ್ಲ ವಿಷಾದಗಳಿಗೂ ಮಿಗಿಲಾದ ಒಂದು ನಷ್ಟವಿದೆ. ಅದು ಕೊಟ್ಟಿಗೆಯ ಹೊರಗೆ, ಕಂದಾಯದ ಕಡತದಲ್ಲಿ ಆದದ್ದು. ಕರ್ನಾಟಕದ 1966ರ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ 100 ಜಾನುವಾರಿಗೆ 30 ಎಕರೆ, ಎಂದರೆ 12 ಹೆಕ್ಟೇರ್ ಗೋಮಾಳವನ್ನು ಕಾದಿರಿಸಬೇಕು. ಈ ನಿಯಮಕ್ಕೆ ಇನ್ನೊಂದು ಮುಖವಿದೆ. ದನಗಳು ಕಡಿಮೆಯಾದರೆ ಅಷ್ಟರಮಟ್ಟಿಗೆ ಗೋಮಾಳ ‘ಹೆಚ್ಚುವರಿ’ ಎನಿಸುತ್ತದೆ, ಬೇರೆ ಉದ್ದೇಶಕ್ಕೆ ಕೊಡಲು ದಾರಿ ತೆರೆಯುತ್ತದೆ. ಮನೆಯ ಹತ್ತು ಗಿಡ್ಡ ಹಸುಗಳನ್ನು ಮಾರಿ ಒಂದು ಮಿಶ್ರತಳಿಯ ಹಸುವನ್ನು ಕಟ್ಟಿದ ಗೃಹಸ್ಥ ತನ್ನ ಕೊಟ್ಟಿಗೆಯನ್ನಷ್ಟೇ ಬದಲಿಸಿದೆನೆಂದುಕೊಂಡ. ಜಾನುವಾರು ಗಣತಿಯ ಪುಸ್ತಕದಲ್ಲಿ ಅವನ ಊರಿನ ಹುಲ್ಲುಗಾವಲಿನ ಹಕ್ಕು ಹತ್ತರಲ್ಲಿ ಒಂದಕ್ಕೆ ಇಳಿದಿತ್ತು.

ಹುಲ್ಲುಗಾವಲು ಖಾಲಿಯಿದೆಯೆಂದು ಕಂಡಾಗ ಅಲ್ಲಿಗೆ ಅಕೇಶಿಯಾ ಬಂತು. ಅಕೇಶಿಯಾದ ಅಡಿಯಲ್ಲಿ ಹುಲ್ಲು ಏಳದು, ಅದರ ಎಲೆಯನ್ನು ದನ ಮೂಸದು, ಅದರ ದರಕು ಬೇಗ ಕೊಳೆಯದು. ಒಂದು ಹೊತ್ತಿನಲ್ಲಿ ಇದೇ ರಾಜ್ಯದ ಜನ ಸಾಮೂಹಿಕ ಭೂಮಿಗಾಗಿ ಎದ್ದು ನಿಂತದ್ದೂ ಉಂಟು. ಹಳ್ಳಿಗರು ಮೇವು, ಸೌದೆಗೆ ನೆಚ್ಚಿದ್ದ ಭೂಮಿಯನ್ನು ಕಾಗದದ ತಿರುಳಿನ ಮರ ಬೆಳೆಯಲು ಕೊಟ್ಟದ್ದನ್ನು ವಿರೋಧಿಸಿ 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು ಜನೋಪಯೋಗಿ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹದ ಬಳಿಕ ಸರ್ಕಾರದ ಪಾಲುದಾರಿಕೆಯ ಆ ಕಂಪನಿಯನ್ನು 1991ರಲ್ಲಿ ಮುಚ್ಚಲಾಯಿತು. ಕುಸನೂರಿನವರ ಬಲ ಅವರ ಕೊಟ್ಟಿಗೆಯಲ್ಲಿಯೂ ಇತ್ತೆಂಬುದನ್ನು ಗಮನಿಸಬೇಕು. ಮೇಯುವ ದನವಿಲ್ಲದ ಊರು ಮೇವಿನ ಭೂಮಿಗಾಗಿ ಯಾವ ಬಾಯಿಯಿಂದ ವಾದಿಸೀತು?

ಹಾಗೆಂದು ಹತ್ತು ಹತ್ತು ದನಗಳನ್ನು ಮತ್ತೆ ಕಾಡಿಗೆ ಅಟ್ಟಬೇಕೆಂದು ಇದರ ಅರ್ಥವಲ್ಲ. ಮಿತಿಯಿಲ್ಲದ ಮೇವಿನಿಂದ ಬೆಟ್ಟಗಳು ಬೋಳಾದದ್ದೂ ನಿಜ, ಎಳೆಯ ಸಸಿ ಏಳದಂತಾದದ್ದೂ ನಿಜ, ಉಣುಗಿನ ಕಥೆಯಂತೂ ಈಗ ತಾನೇ ಹೇಳಿದ್ದು. ಕೆಲವು ಊರುಗಳಲ್ಲಿ ನಡುವಿನ ದಾರಿ ಕಾಣಿಸುತ್ತಿದೆ. ಎರಡೋ ಮೂರೋ ಗಿಡ್ಡ ಹಸು, ಬೆಟ್ಟದ ಒಂದು ಪಾಲಿಗೆ ಅಗಳ ತೋಡಿ ಮೂರು ನಾಲ್ಕು ವರ್ಷ ದನ ಬಿಡದೆ ಸೊಪ್ಪಿಗೆ ಕಾಯುವುದು, ಉಳಿದ ಪಾಲಿನಲ್ಲಿ ಮೇಯಿಸುವುದು, ಸಗಣಿಯನ್ನು ಮೊದಲು ಗೋಬರ್ ಗ್ಯಾಸಿಗೆ, ಅಲ್ಲಿಂದ ಬಗ್ಗಡವನ್ನು ದರಕಿನ ಗುಂಡಿಗೆ. ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕದೆ ದೊಡ್ಡ ಸ್ಥಾವರ ಕಟ್ಟಿಸಿ, ಈಗ ಅದರಲ್ಲಿ ಮಳೆನೀರು ನಿಲ್ಲಿಸಿರುವ ಮನೆಗಳೂ ಇವೆ. ಗಿಡ್ಡ ಹಸುವಿನ ಸಗಣಿ ಹಿಡಿಯಷ್ಟು; ಅದಕ್ಕೆ ತಕ್ಕ ಸಣ್ಣ ಸ್ಥಾವರವೇ ಸರಿ.

ಮಲೆನಾಡು ಗಿಡ್ಡವನ್ನು ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಸ್ವತಂತ್ರ ತಳಿಯೆಂದು ನೋಂದಾಯಿಸಿದೆ. ಹಳ್ಳಿಕಾರ್, ಅಮೃತಮಹಲ್‌ಗಳ ಸಾಲಿನಲ್ಲಿ ಕೊನೆಗೂ ಅದಕ್ಕೊಂದು ಹೆಸರು ಸಿಕ್ಕಿತು. ಆದರೆ ನೋಂದಣಿ ಹೋರಿಯನ್ನು ಹುಟ್ಟಿಸುವುದಿಲ್ಲ. ಕೇರಳದ ವೆಚೂರು ತಳಿ ಮುಗಿದೇ ಹೋಯಿತೆಂದು ತಿಳಿದಿದ್ದಾಗ, 1989ರಲ್ಲಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಶೋಶಮ್ಮ ಐಪ್ ತಮ್ಮ ವಿದ್ಯಾರ್ಥಿಗಳೊಡನೆ ಊರೂರು ಅಲೆದು ಅಳಿದುಳಿದ ಕೆಲವು ದನಗಳನ್ನು ಹುಡುಕಿ ತಂದರು. ಅಲ್ಲಿಂದ ಆ ತಳಿ ಮತ್ತೆ ಬೆಳೆಯಿತು; 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದಾಖಲೆಗಳಲ್ಲಿ ಇಲ್ಲವಾಗಿದ್ದ ದನವನ್ನು ಹುಡುಕಿ ಕೊಟ್ಟವರು ಕಾಲೇಜಿನ ಹುಡುಗರು ಎಂಬುದು ಈ ಸಭೆಯಲ್ಲಿ ಕುಳಿತ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಅವರಿಂದ ಆಗಬಹುದಾದ ಒಂದು ಕೆಲಸವಿದೆ. ಈ ರಜೆಯಲ್ಲಿ ತಮ್ಮ ತಮ್ಮ ಊರಿನ ಪ್ರತಿ ಕೊಟ್ಟಿಗೆಗೆ ಹೋಗಿ, ಬೀಜ ಒಡೆಸದ ಗಿಡ್ಡ ಹೋರಿ ಎಷ್ಟಿವೆ, ಯಾರ ಮನೆಯಲ್ಲಿವೆ, ಅವುಗಳ ವಯಸ್ಸೆಷ್ಟು ಎಂದು ಬರೆದುಕೊಳ್ಳುವುದು. ಜೊತೆಗೆ ಊರಿನ ಗೋಮಾಳದ ಸರ್ವೆ ನಂಬರು, ಪಹಣಿಯಲ್ಲಿರುವ ವಿಸ್ತೀರ್ಣ, ಈಗ ಅಲ್ಲಿ ನಿಜವಾಗಿ ಏನಿದೆ ಎಂಬುದನ್ನೂ ಸೇರಿಸುವುದು. ಒಂದೇ ಒಂದು ಹೋರಿಯೂ ಇಲ್ಲದ ಊರಾದರೆ, ಶೂನ್ಯ ಎಂದು ಬರೆದು ಆ ಹಾಳೆಯನ್ನೂ ತರಬೇಕು. ಹಾಳೆಗಳೆಲ್ಲ ಬಂದ ಮೇಲೆ ಯಾವ ಊರಿನ ಹೋರಿಯನ್ನು ಯಾವ ಊರಿಗೆ ಒಂದು ಬೇಸಿಗೆಯ ಮಟ್ಟಿಗೆ ಕಳುಹಿಸಬಹುದೆಂದು ಕುಳಿತು ಮಾತನಾಡಲು ಸಾಧ್ಯವಾದೀತು.